ಕೈಬಿಟ್ಟ ಕ್ಲಚ್ಚಿನ ಕಥೆ

ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ಇತ್ತು. ಗೇರುಂಟು, ಆದರೆ ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ. ಪುಣೆಯ ಟ್ರಾಫಿಕ್ಕಿನಲ್ಲಿ ನನ್ನಾಕೆಗೆ ಸುಲಭವಾಗಲೆಂದು ಕೊಂಡದ್ದು. ಒಂದು ಬೆಳಿಗ್ಗೆ ಕ್ವಾರ್ಟರ್ಸಿನ ಗೇಟಿನ ಹತ್ತಿರ ಆಕೆ ಸ್ಟಾರ್ಟ್ ಮಾಡಿ ಮೊದಲನೆಯ ಗೇರಿಗೆ ಹಾಕಿದ್ದೇ ತಡ, ಗಾಡಿ ಧಡಕ್ಕನೆ ನೆಗೆದು ಕಾಂಪೌಂಡ್ ಗೋಡೆಗೆ ಬಡಿಯಿತು. ಮೊಣಕಾಲು ಊದಿಕೊಂಡು ಹದಿನೈದು ದಿನ ಮಲಗಿದ್ದಳು. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೋಗಿದೆಯೆಂದ, ಹೊಸದು ಹಾಕಿಸಿದ್ದಾಯಿತು. ಮತ್ತೆ ಅದೇ ನೆಗೆತ. ಇನ್ನು ಗೇರ್‌ಬಾಕ್ಸ್ ಬಿಚ್ಚಬೇಕೆಂದ. ಗುಮಾಸ್ತನ ಸಂಬಳದಲ್ಲಿ ಗೇರ್‌ಬಾಕ್ಸ್ ಬಿಚ್ಚಿಸುವುದೆಂದರೆ ಸಣ್ಣ ಮಾತಲ್ಲ. ಆಗ ನನಗೆ ನೆನಪಾದವರು ಮೈಸೂರಿನ ನನ್ನ ಸೋದರಮಾವ ಮತ್ತು ಅವರ ಜಾವಾ.

ಕ್ಲಚ್ ಹಿಡಿಯದೆ ಗೇರು ಬದಲಿಸುವ ವಿದ್ಯೆಯನ್ನು ಜಪಾನಿನವರು ಕಂಡುಹಿಡಿದರೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದಕ್ಕಿಂತ ಮುಂಚೆಯೇ ಅದು ಚೆಕೊಸ್ಲೊವಾಕಿಯದಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಜಾವಾ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ ಬೈಕನ್ನು ರೂಪಿಸಿದರು. 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಹೊರಬಿತ್ತು. ಅದೇ 250 ಸಿ.ಸಿ.ಯ 'ಪೆರಾಕ್'. ಅದರಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಸಾಕು, ಮೊದಲು ಕ್ಲಚ್ ಬಿಡುತ್ತದೆ, ಆಮೇಲೆ ಗೇರು ಬೀಳುತ್ತದೆ. ಕಾಲು ತೆಗೆದರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಹ್ಯಾಂಡಲಿನಲ್ಲಿ ಕ್ಲಚ್ ಇತ್ತು, ಆದರೆ ಓಡುವಾಗ ಅದರ ಗೊಡವೆ ಬೇಕಿರಲಿಲ್ಲ.

ಈ ವಿದ್ಯೆ ಕನ್ನಡ ನಾಡಿಗೂ ಬಂತು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಗಿ, ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಬೈಕುಗಳು ಹೊರಬಂದವು. ನಮ್ಮ ಮಾವ ಸ್ಕೂಲ್ ಮೇಷ್ಟರು. ಸಾಲ ಮಾಡಿ ಕೊಂಡ ಜಾವಾ ಅವರಿಗೆ ಮನೆಯ ಹಸುವಿನ ಹಾಗೆ. ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವುದನ್ನು ನೋಡಲು ಹುಡುಗರಾದ ನಾವು ಗುಂಪು ಕೂಡುತ್ತಿದ್ದೆವು. "ಲಿವರ್ ಒತ್ತಿ ಹಿಡ್ಕೋಬೇಕು, ಆಮೇಲೆ ನಿಧಾನವಾಗಿ ಕಾಲು ತೆಗೀಬೇಕು ಕಣೋ" ಎಂದು ಹೇಳಿಕೊಡುತ್ತಿದ್ದರು. ಗೇರು ಕಟಕಟ ಎಂದರೆ ಅವರು ಗೇರನ್ನು ಬೈಯುತ್ತಿರಲಿಲ್ಲ. ಮೊದಲು ಎಂಜಿನ್ ನಿಂತಲ್ಲಿ ಹೇಗೆ ಓಡುತ್ತಿದೆಯೆಂದು ಕಿವಿಗೊಡುತ್ತಿದ್ದರು, ಆಮೇಲೆ ಕ್ಲಚ್ಚಿನ ಸ್ಕ್ರೂ ನೋಡುತ್ತಿದ್ದರು. ಲಿವರಿಗೂ ಕ್ಲಚ್ಚಿಗೂ ನಡುವಿನ ಆ ಹೊಂದಾಣಿಕೆ ಸಡಿಲವಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಎಂಜಿನ್ನೂ ಜೋರಾಗಿ ಓಡುತ್ತಿದ್ದರೆ ಗೇರಿನ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ, ನ್ಯೂಟ್ರಲ್ ಕೈಗೇ ಸಿಕ್ಕುವುದಿಲ್ಲ.

ಜಪಾನಿನವರು ಒಂದು ಹೆಜ್ಜೆ ಮುಂದೆ ಹೋದರು. 1958ರ ಆಗಸ್ಟಿನಲ್ಲಿ ಹೋಂಡಾ ಕಂಪನಿ 50 ಸಿ.ಸಿ.ಯ ಸೂಪರ್ ಕಬ್ ಹೊರತಂದಿತು. ಅಂಗಡಿಯ ಹುಡುಗ ಒಂದು ಕೈಯಲ್ಲಿ ನೂಡಲ್ಸ್ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕೆಂಬುದು ಸೊಯಿಚಿರೊ ಹೋಂಡಾರ ಲೆಕ್ಕ. ನಮ್ಮ ಮುಂಬಯಿಯ ಡಬ್ಬಾವಾಲಾಗಳನ್ನು ಕಂಡವರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಅದಕ್ಕಾಗಿ ಕಾಲಿನಿಂದ ಬಿಡಿಸುವುದರ ಜೊತೆಗೆ ಕ್ಲಚ್ ತಾನಾಗಿಯೂ ಹಿಡಿದು ಬಿಡುವಂತೆ ಮಾಡಿದರು. ಇದರಲ್ಲಿ ತೂಕದ ತುಂಡುಗಳು ತಿರುಗುವ ವೇಗಕ್ಕೆ ಹೊರಕ್ಕೆ ಸರಿದು ತಾವಾಗಿ ಹಿಡಿಯುತ್ತವೆ. ವೇಗ ಇಳಿದರೆ ತಾವಾಗಿ ಬಿಡುತ್ತವೆ. 2017ರ ಹೊತ್ತಿಗೆ ಇಂಥ ಕಬ್‌ಗಳು ಹತ್ತು ಕೋಟಿ ತಯಾರಾಗಿದ್ದವು.

ನಮ್ಮ ಮನೆಯ ಗಾಡಿಯ ಗುಟ್ಟು ಇಲ್ಲಿಯೇ ಇತ್ತು. ಬಿ.ಎಸ್ಸಿ.ಯಲ್ಲಿ ನಾವೆಲ್ಲ ಉರುಹೊಡೆದದ್ದೇ: ಕೇಂದ್ರಾಪಗಾಮಿ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಂಥ ಸಣ್ಣ ಎಂಜಿನ್ ನಿಂತಲ್ಲಿ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗಬೇಕು. ಅದು 2,000ಕ್ಕೆ ಏರಿತೆನ್ನಿ. ಕಿವಿಗೆ ಸ್ವಲ್ಪ ಜೋರಾಗಿದೆ ಅನ್ನಿಸುತ್ತದೆ, ಅಷ್ಟೆ. ಆದರೆ ತೂಕಗಳು ಹೊರಕ್ಕೆ ತಳ್ಳುವ ಬಲ ಎರಡು ಪಟ್ಟಾಗಿರುತ್ತದೆ. ಆಕ್ಸಿಲರೇಟರ್ ಮುಟ್ಟುವ ಮೊದಲೇ ಕ್ಲಚ್ ಅರ್ಧ ಹಿಡಿದು ಕೂತಿರುತ್ತದೆ. ಅದರ ಮೇಲೆ ಗೇರು ಹಾಕಿದರೆ ಗಾಡಿ ನೆಗೆಯದೆ ಇನ್ನೇನು ಮಾಡೀತು?

ಒಂದು ಭಾನುವಾರ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಮುಟ್ಟದಂತೆ ನಿಲ್ಲಿಸಿ, ಎಂಜಿನ್ ಬಿಸಿಯಾಗಲು ಬಿಟ್ಟೆ. ಆಮೇಲೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ. ಎಂಜಿನ್ ತಾನಾಗಿ ರೊಯ್ಯೆಂದಿತು! ಹಿಂದಿನ ಯಜಮಾನ ಯಾವಾಗಲೋ ಆಕ್ಸಿಲರೇಟರ್ ಕೇಬಲ್ ಬದಲಾಯಿಸಿ ತಪ್ಪು ದಾರಿಯಲ್ಲಿ ಎಳೆದಿದ್ದ. ಹ್ಯಾಂಡಲ್ ತಿರುಗಿದಾಗೆಲ್ಲ ಅದು ಬಿಗಿಯುತ್ತಿತ್ತು. ಆ ದಿನ ಗೇಟಿನ ಬಳಿ ಆಕೆ ಹ್ಯಾಂಡಲ್ ತಿರುಗಿಸಿಯೇ ಗೇರು ಹಾಕಿದ್ದಳು. ಕೇಬಲ್ ಸರಿಮಾಡಿ ಸ್ವಲ್ಪ ಸಡಿಲ ಬಿಟ್ಟೆ, ಆಮೇಲೆ ಐಡ್ಲಿಂಗ್ ಸ್ಕ್ರೂ ಇಳಿಸಿದೆ. ಕೊನೆಗೆ ಎಂಜಿನ್ ನಿಲ್ಲಿಸಿ ಕ್ಲಚ್ಚಿನ ಸ್ಕ್ರೂ: ಮೇಲಿನ ನಟ್ ಸಡಿಲಿಸಿ, ಬಲಕ್ಕೆ ಒಂದು ಸುತ್ತು, ಮತ್ತೆ ಎಡಕ್ಕೆ ಬೆರಳಿಗೆ ತಡೆ ಸಿಕ್ಕುವವರೆಗೆ, ಅಲ್ಲಿಂದ ಬಲಕ್ಕೆ ಸುತ್ತಿನ ಎಂಟನೇ ಒಂದು ಭಾಗ, ನಟ್ ಬಿಗಿ. ಕಬ್ ಜಾತಿಯ ಹಲವು ಗಾಡಿಗಳಿಗೆ ಇದೇ ಕ್ರಮ. ಖರ್ಚು ಏನೂ ಇಲ್ಲ.

ಇದಕ್ಕೆ ವಿರುದ್ಧವಾದ ತಪ್ಪನ್ನೂ ಕಂಡಿದ್ದೇನೆ. ಚಳಿಗಾಲದಲ್ಲಿ ಎಣ್ಣೆ ಮಂದವಾಗಿ, ಗೇರು ಹಾಕಿದೊಡನೆ ಎಂಜಿನ್ ಆರಿಹೋಗುತ್ತದೆ. ಎರಡು ನಿಮಿಷ ಬಿಸಿಮಾಡುವ ತಾಳ್ಮೆಯಿಲ್ಲದವರು ಐಡ್ಲಿಂಗ್ ಏರಿಸಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೆಗೆತ ಶುರು.

ದೊಡ್ಡ ಬೈಕುಗಳಲ್ಲಿ ಇದೇ ಕೆಲಸವನ್ನು ಎಣ್ಣೆಗೆ ವಹಿಸಿದರು. ಇಟಲಿಯ ಮೋಟೊ ಗುಝಿ 1975ರಲ್ಲಿ 'ಕನ್ವರ್ಟ್' ಎಂಬ ಬೈಕನ್ನೂ, ಹೋಂಡಾ 1976ರಲ್ಲಿ ಸಿಬಿ 750ಎ ಎಂಬುದನ್ನೂ ತಂದವು. ಒಂದು ಫ್ಯಾನಿನ ಗಾಳಿಗೆ ಎದುರಿನ ಫ್ಯಾನು ತಿರುಗುವ ಹಾಗೆ, ಎಂಜಿನ್ ಎಣ್ಣೆಯನ್ನು ತಳ್ಳಿ ಚಕ್ರವನ್ನು ತಿರುಗಿಸುವ ವ್ಯವಸ್ಥೆ. ಎಣ್ಣೆಯ ಸಂಬಂಧ ಪೂರ್ತಿ ಕಡಿಯುವುದಿಲ್ಲವಾದ್ದರಿಂದ ಗೇರಿನಲ್ಲಿ ನಿಂತ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ; ಬ್ರೇಕ್ ಹಿಡಿದೇ ಇರಬೇಕು. ಐಡ್ಲಿಂಗ್ ಹೆಚ್ಚಿದ್ದರೆ ಅಲ್ಲಿಯೂ ಗೇರು ಬೀಳುವಾಗ ಅದೇ ಧಡಕ್ಕು. ಎರಡು ಗೇರಿನ ಆ ಹೋಂಡಾ 1978ಕ್ಕೇ ನಿಂತುಹೋಯಿತು.

ನಮ್ಮ ದೇಶದಲ್ಲಿ 1984ರ ಕೈನೆಟಿಕ್ ಹೋಂಡಾ ಸ್ಕೂಟರು ಬೆಲ್ಟಿನ ಸಹಾಯದಿಂದ ಗೇರನ್ನೇ ತೆಗೆದುಹಾಕಿತು. ಗೇರಿಟ್ಟುಕೊಂಡು ಕೈಕ್ಲಚ್ ಬಿಟ್ಟ ಹೀರೋ ಹೋಂಡಾ ಸ್ಟ್ರೀಟ್, 2009ರ ಟಿ.ವಿ.ಎಸ್. ಜೈವ್ ಎರಡನ್ನೂ ಜನ ಅಷ್ಟಾಗಿ ಒಪ್ಪಲಿಲ್ಲ. ಕ್ಲಚ್ ಹಿಡಿಯದೆ ಬೈಕ್ ಓಡಿಸುವುದು ಗಂಡಸರಿಗೆ ಅವಮಾನವೆನಿಸಿತೋ ಏನೋ! 2020ರಲ್ಲಿ ಹೊಸ ಹೊಗೆ ನಿಯಮ ಬಂದಮೇಲೆ ಹೆಚ್ಚಿನ ಹೊಸ ಗಾಡಿಗಳ ಕಾರ್ಬುರೇಟರ್ ಹೋಗಿ, ಐಡ್ಲಿಂಗಿನ ಲೆಕ್ಕವನ್ನು ಒಂದು ಪುಟ್ಟ ಕಂಪ್ಯೂಟರು ನೋಡಿಕೊಳ್ಳುತ್ತಿದೆ.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಬೈಕುಗಳು ಮತ್ತೆ ಬಂದಾಗ ನಾನೂ ಶೋರೂಮಿಗೆ ಹೋಗಿ ನೋಡಿದೆ. ಟ್ಯಾಂಕು, ಬಣ್ಣ ಎಲ್ಲ ಹಳೆಯದರ ನೆನಪು ತರುವಂತಿದ್ದವು. ಬಗ್ಗಿ ಕಾಲಿನ ಲಿವರನ್ನು ಮುಟ್ಟಿದೆ. ಅದು ಬರಿಯ ಗೇರ್ ಲಿವರ್. ಕ್ಲಚ್ ಎಲ್ಲ ಬೈಕುಗಳ ಹಾಗೆ ಎಡಗೈಗೆ ಹೋಗಿತ್ತು. ಮಾವನ ಗಾಡಿ ಈಗ ಮೈಸೂರಿನಲ್ಲಿ ಅವರ ಮಗನ ಹತ್ತಿರ ಇದೆ; ಹೋದಾಗಲೆಲ್ಲ ಕಿಕ್ ಹೊಡೆದು ಸ್ವಲ್ಪ ಹೊತ್ತು ಕಿವಿಗೊಟ್ಟು ಬರುತ್ತೇನೆ.