ಕಾಡು ಚೆಂಡುಹೂವು: ಹೆಸರು ಮತ್ತು ಚರಿತ್ರೆ

ದಸರೆ, ದೀಪಾವಳಿಗಳಲ್ಲಿ ನಮ್ಮ ಬಾಗಿಲುಗಳನ್ನು ಸಿಂಗರಿಸುವ ಚೆಂಡುಹೂವು ಅನಾದಿಯಿಂದಲೂ ಈ ನೆಲದ್ದೇ ಎಂದು ಭಾವಿಸುವವರು ಅನೇಕರು. ವಸ್ತುತಃ ಅದರ ತವರು ಮೆಕ್ಸಿಕೋ ಪ್ರದೇಶ. 1492ರ ಕೊಲಂಬಸನ ಸಮುದ್ರಯಾನಕ್ಕೆ ಮೊದಲು ಅದು ಭಾರತವನ್ನು ತಲುಪಿರಲಾರದು. ಆದರೂ ಪಾಶ್ಚಾತ್ಯರು ಅದನ್ನು ‘ಆಫ್ರಿಕದ ಹೂ’ ಎಂದು ಕರೆದರು. ಗಿಡದ ಹೆಸರು ಅದರ ತವರನ್ನು ತಿಳಿಸಲೇಬೇಕೆಂಬ ನಿಯಮವಿಲ್ಲ. ಇದಕ್ಕೆ ಇನ್ನೂ ಉತ್ತಮವಾದ ನಿದರ್ಶನವೆಂದರೆ ಅದರ ಕಾಡು ಬಂಧುವಾದ ‘ಟ್ಯಾಜಿಟೀಸ್ ಮಿನುಟಾ’.

‘ಮಿನುಟಾ’ ಎಂದರೆ ಕಿರಿದು. ಆದರೆ ಈ ಗಿಡವು ಆಳೆತ್ತರವನ್ನೂ ಮೀರಿ ಬೆಳೆಯಬಲ್ಲದು. ಇದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಒಂದೇ ವರ್ಷ ಬಾಳುವ ಸಸ್ಯ. ಎಲೆಗಳು ಗರಿಯಂತೆ ಸೀಳಿಕೊಂಡು, ಗರಗಸದಂಥ ಅಂಚನ್ನು ಪಡೆದಿವೆ. ಅವುಗಳಲ್ಲಿರುವ ತೈಲಗ್ರಂಥಿಗಳಿಂದಲೇ ಗಿಡಕ್ಕೆ ಆ ತೀಕ್ಷ್ಣ ಪರಿಮಳ. ನಾವು ಒಂದು ಹೂವೆಂದು ಎಣಿಸುವುದು ಹಲವು ಕಿರುಹೂಗಳ ಸಮೂಹ. ಸಣ್ಣ ಕೊಳವೆಯಂಥ ಹಸಿರು ಹೊದಿಕೆಯ ತುದಿಯಲ್ಲಿ ಎರಡು ಮೂರು ತಿಳಿಹಳದಿ ಎಸಳುಗಳು ಮಾತ್ರ ತೋರುತ್ತವೆ. ಇಂಥ ನೂರಾರು ಕೊಳವೆಗಳು ಗೊಂಚಲುಗಟ್ಟುತ್ತವೆ. ಕಪ್ಪನೆಯ ಕಡ್ಡಿಯಂಥ ಒಣಕಾಯಿಗಳ ತುದಿಯಲ್ಲಿ ಚೂಪಾದ ಪೊರೆಗಳಿದ್ದು, ಅವು ಬಟ್ಟೆಗೂ ಪ್ರಾಣಿಗಳ ರೋಮಕ್ಕೂ ಅಂಟಿ ದೂರ ಸಾಗುತ್ತವೆ.

ಹಾಗಾದರೆ ಈ ಹೆಸರು ಬಂದುದೆಲ್ಲಿಂದ? 1732ರಲ್ಲಿ ಡಿಲೇನಿಯಸ್ ಎಂಬ ವಿದ್ವಾಂಸನು ಲಂಡನ್ನಿನ ಸಮೀಪದ ಎಲ್ತಮ್ ಉದ್ಯಾನದ ಗಿಡಗಳನ್ನು ವರ್ಣಿಸುವಾಗ ಇದನ್ನು ‘ಕಿರುಹೂವಿನ’ ಸಸ್ಯವೆಂದನು. 1753ರಲ್ಲಿ ಲಿನ್ನೇಯಸ್ ಪಂಡಿತನು ದೀರ್ಘ ವರ್ಣನೆಯನ್ನು ಕೈಬಿಟ್ಟು ‘ಮಿನುಟಾ’ ಎಂಬೊಂದು ಪದವನ್ನು ಉಳಿಸಿದನು. ಹೂವಿಗೆ ಸಂದ ವಿಶೇಷಣವು ಗಿಡಕ್ಕೆ ಅಂಟಿಕೊಂಡಿತು.

ದಕ್ಷಿಣ ಅಮೆರಿಕದ ಈ ಸಸ್ಯವು ಆಫ್ರಿಕದಲ್ಲಿ ‘ಖಾಕಿ ಪೊದೆ’ ಎನಿಸಿತು. 1899ರಿಂದ 1902ರ ವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಕುದುರೆಗಳಿಗೆ ತರಿಸಿದ ಮೇವಿನೊಡನೆ ಇದರ ಬೀಜ ಹರಡಿತೆಂದು ಹೇಳುತ್ತಾರೆ. ಖಾಕಿ ತೊಟ್ಟ ಸೈನಿಕರ ನೆನಪು ಗಿಡದಲ್ಲಿ ನಿಂತಿತು. ಅಲ್ಲಿ ಕಳೆಯಾದುದು ಪೆರು ದೇಶದಲ್ಲಿ ‘ವಾಕಟಾಯ್’ ಎಂಬ ಹೆಸರಿನ ಅಡುಗೆಯ ಸೊಪ್ಪು. ಭಾರತದ ಪಶ್ಚಿಮ ಹಿಮಾಲಯದಲ್ಲಿಯೂ ಇದು ನೆಲೆಸಿದೆ. ಹಿಮಾಚಲ ಪ್ರದೇಶದಲ್ಲಿ ಇದರಿಂದ ಸುಗಂಧತೈಲವನ್ನು ಭಟ್ಟಿಯಿಳಿಸುತ್ತಾರೆ.

ಒಂದೇ ಗಿಡ, ಒಬ್ಬರಿಗೆ ವ್ಯಂಜನ, ಒಬ್ಬರಿಗೆ ಕಳೆ, ಮತ್ತೊಬ್ಬರಿಗೆ ಜೀವನೋಪಾಯ. ಪ್ರಾಚೀನ ಗ್ರಂಥಗಳಲ್ಲಿ ಹೂವಿನ ಹೆಸರುಗಳನ್ನು ಓದುವ ಸಂಶೋಧಕರಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ಹೆಸರು ಹಳೆಯದಾದ ಮಾತ್ರಕ್ಕೆ, ಇಂದು ಆ ಹೆಸರನ್ನು ಹೊತ್ತ ಗಿಡವೂ ಅಷ್ಟೇ ಹಳೆಯದೆಂದು ನಿರ್ಣಯಿಸಲಾಗದು. ಹೆಸರಿನ ಸಾಕ್ಷ್ಯವನ್ನು ಗಿಡದ ತವರಿನೊಡನೆ ಹೋಲಿಸಿ ನೋಡಿದ ಬಳಿಕವೇ ಕಾಲನಿರ್ಣಯಕ್ಕೆ ಕೈಹಾಕುವುದು ಉಚಿತ.