ಪಂಚಾಂಗ ಮುಗಿದುಹೋದ ವರ್ಷ

ಮುಂದಿನ ವರ್ಷದ ಹಬ್ಬ ಯಾವತ್ತು ಅಂತ ಯಾರೂ ಲೆಕ್ಕ ಹಾಕಿಟ್ಟಿರಲಿಲ್ಲ. ಯಾಕಂದ್ರೆ ಮುಂದಿನ ವರ್ಷ ಅನ್ನೋದೇ ಇರೋದಿಲ್ಲ ಅಂತ ಬಹಳ ಜನ ನಂಬಿದ್ದರು! ಇದು 1492ರ ರಷ್ಯಾದ ಕತೆ. ಅಲ್ಲಿನ ಹಳೆಯ ಧಾರ್ಮಿಕ ಬರಹಗಳ ಬಗ್ಗೆ ಓದುತ್ತಾ ಕೂತಾಗ ಸಿಕ್ಕಿದ್ದು.

ಅವರ ಲೆಕ್ಕದಲ್ಲಿ ಲೋಕ ಸೃಷ್ಟಿಯಾಗಿದ್ದು ಕ್ರಿ.ಪೂ. 5508ರಲ್ಲಿ. ಸೃಷ್ಟಿಯ ವಾರಕ್ಕೆ ಏಳು ದಿನ, ದೇವರ ಒಂದು ದಿನ ಅಂದ್ರೆ ನಮಗೆ ಸಾವಿರ ವರ್ಷ. ಹಾಗಾಗಿ 7000ಕ್ಕೆ ಎಲ್ಲ ಮುಕ್ತಾಯ. ಆ 7000ನೇ ವರ್ಷ ಮುಗಿದಿದ್ದು 1492ರ ಆಗಸ್ಟಿನಲ್ಲಿ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿದ ಮೇಲಂತೂ ಭಯ ಇನ್ನೂ ಗಟ್ಟಿಯಾಗಿತ್ತು. ಈಸ್ಟರ್ ದಿನ ತಿಳಿಸುವ ಕೋಷ್ಟಕಗಳು ಅಲ್ಲಿಗೇ ನಿಂತಿದ್ದವು.

ಆದರೆ ಸೆಪ್ಟೆಂಬರ್ ಬಂದೇ ಬಂತು! ಮಾಸ್ಕೋದ ಧರ್ಮಾಧ್ಯಕ್ಷ ಜೊಸಿಮಾ 20 ವರ್ಷಕ್ಕೆ ಹೊಸ ಕೋಷ್ಟಕ ಬರೆದ, ನೊವ್ಗೊರೊಡ್‌ನ ಆರ್ಚ್‌ಬಿಷಪ್ ಗೆನ್ನಾದಿ 70 ವರ್ಷಕ್ಕೆ. (ಎಪ್ಪತ್ತು! ಧೈರ್ಯ ಬಂದಿರಬೇಕು.) ಜೊಸಿಮಾ ತನ್ನ ಮುನ್ನುಡಿಯಲ್ಲಿ ಮಾಸ್ಕೋವನ್ನೇ ಹೊಸ ಕಾನ್‌ಸ್ಟಾಂಟಿನೋಪಲ್ ಅಂತ ಕರೆದುಬಿಟ್ಟ.

ಇಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಮುಂದಿನದನ್ನು ಓದಿ ನಿಂತುಹೋಯ್ತು.

1653ರಿಂದ ಪೇಟ್ರಿಯಾರ್ಕ್ ನಿಕಾನ್ ಪೂಜಾವಿಧಿಗಳನ್ನು ತಿದ್ದಲು ಹೊರಟ. ಎರಡು ಬೆರಳಲ್ಲಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದವರು ಇನ್ನು ಮೂರು ಬೆರಳಲ್ಲಿ ಮಾಡಬೇಕು. ನಮಗೆ ಸಣ್ಣದು ಅನ್ನಿಸಬಹುದು, ಅವರಿಗೆ ಅದು ಮೋಕ್ಷದ ಪ್ರಶ್ನೆ. 1666-67ರ ಧರ್ಮಸಭೆ ಒಪ್ಪದವರನ್ನು ಬಹಿಷ್ಕರಿಸಿತು. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಮೃಗದ ಸಂಖ್ಯೆ 666, ಇಸವಿ 1666... ಇನ್ನೇನು ಬೇಕು? ಕ್ರಿಸ್ತವಿರೋಧಿಯ ಆಳ್ವಿಕೆ ಶುರುವಾಯ್ತು ಅಂತ ಹಳೆಯ ವಿಧಿಯವರು ಬರೆದರು. ಅವ್ವಾಕುಮ್ ಎಂಬ ಪಾದ್ರಿ ಉತ್ತರದ ಪುಸ್ತೊಜೆರ್ಸ್ಕ್‌ನ ಸೆರೆಯಲ್ಲಿ ಆತ್ಮಚರಿತ್ರೆ ಬರೆದ, ಬೆಂಕಿಗೆ ಬಿದ್ದು ಸತ್ತವರನ್ನು ಹೊಗಳಿದ. 1682ರಲ್ಲಿ ಸರ್ಕಾರ ಅವನನ್ನೇ ಸುಟ್ಟಿತು. ಸೈನಿಕರು ಬರ್ತಿದ್ದಾರೆ ಅಂದರೆ ಸಾಕು, ಹಳ್ಳಿ ಹಳ್ಳಿಯೇ ಮಕ್ಕಳುಮರಿ ಸಮೇತ ಮರದ ಕಟ್ಟಡ ಹೊಕ್ಕು ಬೆಂಕಿ ಹಚ್ಚಿಕೊಂಡದ್ದುಂಟು. 1687ರಲ್ಲಿ ಒನೆಗಾ ಸರೋವರದ ಪಾಲೆಓಸ್ತ್ರೊವ್ ಮಠದಲ್ಲಿ ಹೀಗೆ ಸತ್ತವರ ಸಂಖ್ಯೆ ಎರಡು ಸಾವಿರ ಮೀರಿತ್ತು ಎನ್ನುತ್ತಾರೆ.

ನನಗೆ ಮರೆಯಲಾಗದವನು ಯೆವ್ಫ್ರೊಸಿನ್ ಎಂಬ ಸನ್ಯಾಸಿ. ಅವನೂ ಹಳೆಯ ವಿಧಿಯವನೇ, ಸರ್ಕಾರದ ಕಡೆಯವನಲ್ಲ. ಆದರೂ 1691ರಲ್ಲಿ ತನ್ನವರಿಗೇ ಬರೆದ: ಇದು ಹುತಾತ್ಮರ ಸಾವಲ್ಲ, ಆತ್ಮಹತ್ಯೆ. ಉಪದೇಶ ಕೊಟ್ಟು ಬಡವರನ್ನು ಬೆಂಕಿಗೆ ಕಳಿಸಿ ತಾವು ಮಾತ್ರ ಉಳಿದುಕೊಂಡವರನ್ನೂ ಬಿಡಲಿಲ್ಲ. ಕೈಬರಹದಲ್ಲೇ ಉಳಿದಿದ್ದ ಆ ಪುಸ್ತಕ ಅಚ್ಚಾಗಿದ್ದು 1895ರಲ್ಲಿ, ಇನ್ನೂರು ವರ್ಷ ಕಳೆದ ಮೇಲೆ.