ಆಕಾರದ ಹಿಂದಿನ ಆಣೆ: ಕರ್ನಾಟಕದ ಜಮೀನಿನ ಅಸೆಸ್‌ಮೆಂಟ್ ಕುರಿತು

ಅಸೆಸ್‌ಮೆಂಟ್ ಎಂಬ ಮಾತು ಶಾಲೆಯ ಅಂಕಪಟ್ಟಿಯಿಂದ ಆದಾಯ ತೆರಿಗೆ ಕಚೇರಿಯವರೆಗೆ ಎಲ್ಲೆಡೆ ಓಡಾಡುತ್ತದೆ. ಪಂಚಾಯಿತಿಯಲ್ಲಿ ಮನೆಗೂ ಒಂದು ಅಸೆಸ್‌ಮೆಂಟ್ ನಂಬರ್ ಇರುತ್ತದೆ. ಆದರೆ ನಮ್ಮ ರೈತರ ಬದುಕಿಗೆ ಅದು ತಟ್ಟಿದ್ದು ಪಹಣಿಯ ‘ಆಕಾರ’ದ, ಅಂದರೆ ಜಮೀನಿಗೆ ನಿಗದಿಯಾದ ಕಂದಾಯದ ಮೂಲಕ. ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಯ ಜೊತೆಗೆ ಆಕಾರವೂ ಬರುತ್ತದೆ. ಜಮೀನು ಒಡೆದು ಪೋಡಿಯಾದರೆ ಆಕಾರವೂ ಪಾಲಾಗುತ್ತದೆ. ಕೊಳ್ಳುವವರು, ಮಾರುವವರು ಆ ಪುಡಿಗಾಸಿನ ಅಂಕಿಯತ್ತ ಕಣ್ಣು ಹಾಯಿಸುವುದೂ ಅಪರೂಪ. ಯಾವ ಕಂದಾಯಕ್ಕಾಗಿ ಮಣ್ಣಿನ ಬೆಲೆ ಕಟ್ಟಲಾಯಿತೋ ಆ ಕಂದಾಯ ಹಗುರವಾದ ಮೇಲೂ ಕಟ್ಟಿದ ಬೆಲೆ ಮಾತ್ರ ಬಲವಾಗಿಯೇ ಉಳಿಯಿತು ಎಂಬುದು ಈ ಲೇಖನದ ವಾದ.

ಜಮೀನಿನ ಬೆಲೆ ಕಟ್ಟುವ ಕೆಲಸ ಬ್ರಿಟಿಷರಿಂದ ಆರಂಭವಾದದ್ದಲ್ಲ. 17ನೇ ಶತಮಾನದ ಕೆಳದಿ ಅರಸ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆ ಪ್ರಸಿದ್ಧವೇ ಆಗಿದೆ. ಊರೂರಲ್ಲೂ ಬಗೆಬಗೆಯ ಹೊಲಗಳನ್ನು ಆರಿಸಿ, 12 ವರ್ಷ ಅರಮನೆಯ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಎಲ್ಲವನ್ನೂ ಬರೆಸಿಟ್ಟ ಎಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಸರಾಸರಿ ತೆಗೆದದ್ದು ಆಮೇಲೆ. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆಯಾಗಿ ವಿಂಗಡಿಸಲಾಯಿತು. ಇಲ್ಲಿ ನನಗೆ ಮುಖ್ಯವೆನಿಸುವುದು ದರ್ಜೆಗಳಲ್ಲ, ಆ 12 ವರ್ಷಗಳು. ಮಳೆ ಕೈಕೊಟ್ಟ ವರ್ಷವೂ ಹುಲುಸಾದ ವರ್ಷವೂ ಒಂದೇ ಲೆಕ್ಕದಲ್ಲಿ ಸೇರಿಕೊಂಡವು.

ಬ್ರಿಟಿಷರ ಬೊಂಬಾಯಿ ಪ್ರಾಂತದಲ್ಲಿ 1820ರ ದಶಕದ ಕೊನೆಗೆ ಪ್ರಿಂಗಲ್ ಎಂಬ ಅಧಿಕಾರಿ ನಿವ್ವಳ ಉತ್ಪನ್ನವನ್ನು ಲೆಕ್ಕ ಹಾಕಿ ಅದರ ಶೇ. 55ರಷ್ಟನ್ನು ಸರ್ಕಾರದ ಪಾಲೆಂದು ನಿಗದಿ ಮಾಡಿದ, ಆದರೆ ಅದು ನಡೆಯಲಿಲ್ಲ. ಅನಂತರ ಬಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಫಸಲಿನ ಲೆಕ್ಕವನ್ನೇ ಕೈಬಿಟ್ಟರು. 1847ರ ಜಂಟಿ ವರದಿಯಲ್ಲಿ ನೆಲೆಗೊಂಡ ಅವರ ಪದ್ಧತಿಯಲ್ಲಿ ಹೊಲವನ್ನು ಅಗೆದು ಮಣ್ಣಿನ ಆಳ ನೋಡುತ್ತಿದ್ದರು. ಮೇಲ್ದರ್ಜೆಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಅದಕ್ಕೆ 16 ಆಣೆಯ ಪೂರ್ತಿ ಬೆಲೆ, ಒಂದು ಮೊಳವಿದ್ದರೆ 10, ಕಾಲು ಮೊಳಕ್ಕೆ ನಾಲ್ಕೂವರೆ. ಸುಣ್ಣಕಲ್ಲಿನ ಹರಳು, ಮರಳು, ಇಳಿಜಾರು, ನೀರಿನ ಕೊರೆತ, ಹೀಗೆ ಒಂದೊಂದು ದೋಷಕ್ಕೂ ಒಂದೊಂದು ದರ್ಜೆ ಇಳಿಕೆ. 16 ಆಣೆಯ ಮಣ್ಣಿಗೆ ಊರಿನ ಗರಿಷ್ಠ ದರ ಎಕರೆಗೆ 2 ರೂಪಾಯಿ ಎಂದಿಟ್ಟುಕೊಂಡರೆ 8 ಆಣೆಯ ಎಕರೆಗೆ 1 ರೂಪಾಯಿ ಆಕಾರ. ಧಾರವಾಡ, ಬೆಳಗಾವಿ ಸೀಮೆಗೆ ಬಂದ ಈ ಕ್ರಮ 1863ರಲ್ಲಿ ಆರಂಭವಾದ ಸರ್ವೆ ಇಲಾಖೆಯ ಮೂಲಕ ಮೈಸೂರಿಗೂ ಬಂತು. ರೈತ ತನ್ನ ಬೆವರಿನಿಂದ ಹೊಲವನ್ನು ತಿದ್ದಿಕೊಂಡರೆ ಅದಕ್ಕೆ ಹೆಚ್ಚು ಕಂದಾಯ ಹಾಕಬಾರದೆಂಬುದು ಇದರ ಒಂದು ತತ್ತ್ವ. ಕಂದಾಯದ ಮಟ್ಟಿಗೆ ಅದು ನ್ಯಾಯವಾದದ್ದೇ.

ಆದರೆ ಆಣೆ ಅಲ್ಲಿಗೇ ನಿಲ್ಲಲಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಐದು ಜನರವರೆಗಿನ ಒಂದು ಕುಟುಂಬ ಹೊಂದಬಹುದಾದ ಜಮೀನಿನ ಮಿತಿ 10 ಯೂನಿಟ್ ಆಗಿತ್ತು. ಎರಡು ಬೆಳೆಗೆ ಖಾತರಿ ನೀರಿರುವ ‘ಎ’ ವರ್ಗದಲ್ಲಿ ಮಣ್ಣು 8 ಆಣೆಗಿಂತ ಮೇಲಿದ್ದರೆ 1 ಎಕರೆಗೆ ಒಂದು ಯೂನಿಟ್, ಕೆಳಗಿದ್ದರೆ 1.3 ಎಕರೆಗೆ. ಅಂದರೆ ಒಬ್ಬನಿಗೆ 10 ಎಕರೆ ಉಳಿದರೆ ಇನ್ನೊಬ್ಬನಿಗೆ 13. ಅದಕ್ಕಿಂತ ಕಡಿಮೆ ನೀರಿನ ‘ಬಿ’ ವರ್ಗದಲ್ಲಿ ಇದು 15 ಮತ್ತು 20 ಎಕರೆ. ಕಂದಾಯಕ್ಕೆಂದು ಅಳೆದ ಮೊಳದ ಲೆಕ್ಕ ಈಗ ಯಾರ ಕೈಯಲ್ಲಿ ಎಷ್ಟು ನೆಲ ಉಳಿಯಬೇಕೆಂಬುದನ್ನು ತೀರ್ಮಾನಿಸತೊಡಗಿತು. ಮಣ್ಣನ್ನು ಮತ್ತೆ ಪರೀಕ್ಷಿಸದ ಕಡೆ ಇದರ ಫಲ ತಿರುಗುಮುರುಗಾಗುವ ಸಂಭವವಿತ್ತು: ಕೆರೆಗೋಡು ಹೊಡೆದು, ಬದು ಹಾಕಿ ಫಲವತ್ತಾದ ಹೊಲ ಹಳೆಯ 6 ಆಣೆಯ ಲೆಕ್ಕದಲ್ಲಿ ದೊಡ್ಡ ಹಿಡುವಳಿದಾರನಿಗೆ ಹೆಚ್ಚು ಎಕರೆ ಉಳಿಸಿಕೊಡಬಹುದಿತ್ತು, ಮೇಲ್ಮಣ್ಣು ಕೊಚ್ಚಿಹೋದ ಹೊಲ ಕಾಗದದಲ್ಲಿ 12 ಆಣೆಯಾಗಿಯೇ ಉಳಿಯಬಹುದಿತ್ತು. ತಿದ್ದುವ ರೈತನನ್ನು ಕಾಯಬೇಕಾದ ತತ್ತ್ವ ಇಲ್ಲಿ ಭೂಮಾಲೀಕನನ್ನು ಕಾಯಬಹುದಿತ್ತು.

ಭೂಸುಧಾರಣೆಯ ಚರ್ಚೆ ಗೇಣಿದಾರರ ಅರ್ಜಿಗಳ ಸುತ್ತಲೇ ಬೆಳೆದಿರುವುದು ಸಹಜ. ಅದರ ಜೊತೆಗೆ ಮಿತಿಯ ಕಡತಗಳನ್ನೂ ಬಿಚ್ಚಬೇಕು. ಒಂದೊಂದೇ ಊರನ್ನು ಹಿಡಿದು, ಅದರ ಆಕಾರಬಂದ್ ಎಂಬ ಸರ್ವೆ ದಾಖಲೆ ಮತ್ತು ಭೂನ್ಯಾಯಮಂಡಳಿಯ ಘೋಷಣಾಪತ್ರಗಳನ್ನು ಸರ್ವೆ ನಂಬರಿನ ಪ್ರಕಾರ ತಾಳೆ ನೋಡಿದರೆ, 8 ಆಣೆಯ ಗೆರೆಯ ಆಚೀಚೆ ಯಾರ ಹೊಲಗಳು ಬಿದ್ದವು ಎಂಬುದು ತಿಳಿಯುತ್ತದೆ.